ಹಳದಿಯಾಗುವ ಬಟನ್ನು

ನನ್ನ ಕೆಲಸ ಏನೆಂದು ಕೇಳಿದವರಿಗೆ ಒಂದು ಸುಲಭದ ಉತ್ತರ ಇಟ್ಟುಕೊಂಡಿದ್ದೇನೆ: ಬಟನ್ನು ಹಾಕುವುದು. ಅಂಗಿಗಲ್ಲ, ಕಂಪ್ಯೂಟರಿನ ಪರದೆಗೆ. ಜೆ.ಪಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಮಧ್ಯಾಹ್ನ ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಎದ್ದರೆ ಎಲ್ಲರ ಕೈಯೂ ತಾನಾಗಿ ನಿಲ್ಲುತ್ತದೆ. ನಾವು ತಯಾರಿಸುವುದು ಕಿವಿ ಪರೀಕ್ಷಿಸುವ ಒಂದು ಸಾಧನ. ಒಂದು ಹೆಡ್‌ಫೋನು, ಕೈಯಲ್ಲಿ ಹಿಡಿಯುವ ಒಂದು ಸ್ವಿಚ್ಚು, ಇವೆರಡನ್ನೂ ನಡೆಸುವ ಒಂದು ಲ್ಯಾಪ್‌ಟಾಪು. ಕಿವಿಯಲ್ಲಿ ‘ಕುಂಯ್’ ಎಂದರೆ ಕೂತವರು ಸ್ವಿಚ್ಚು ಒತ್ತಬೇಕು. ಆ ಕುಂಯ್ ದಿನವಿಡೀ ಕೇಳಿದರೆ ತಲೆ ಕೆಡುತ್ತದೆಂದು ಆಫೀಸಿನಲ್ಲಿ ಸದ್ದು ಬಂದ್ ಮಾಡಿಕೊಂಡೇ ಕೆಲಸ ಮಾಡುತ್ತೇವೆ.

ಈ ಸಾಧನ ಹೋಗುವುದು ಊರೂರಿನ ಆರೋಗ್ಯ ಶಿಬಿರಗಳಿಗೆ. ಅಲ್ಲಿರುವ ಕಂಪ್ಯೂಟರುಗಳೆಲ್ಲ ಯಾರೋ ಬಳಸಿ ಬಿಟ್ಟವು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದು ಆನ್ ಆದರೆ ಅದೇ ಪುಣ್ಯ. ಇವೆಲ್ಲದರ ಮೇಲೂ ತಕರಾರಿಲ್ಲದೆ ಓಡಲೆಂದು ನಾವು ಒಂದು ಹಗುರವಾದ ಲೈಬ್ರರಿ ಬಳಸುತ್ತೇವೆ. ಪರದೆಯ ಮೇಲೆ ಕಿಟಕಿ, ಬಟನ್ನು, ಅಳತೆಪಟ್ಟಿಗಳನ್ನು ಮೂಡಿಸಲು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟ ಸಿದ್ಧ ಸಾಮಾನು ಅದು. ಒಂದು ಸಲ ಬರೆದರೆ ಸಾಕು, ಯಾವ ಕಂಪ್ಯೂಟರಿನಲ್ಲೂ ನಡೆಯುತ್ತದೆ. ನನ್ನ ಇಡೀ ಪ್ರೋಗ್ರಾಮು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಕಡಿಮೆ ಜಾಗ ಹಿಡಿಯುತ್ತದೆ. ನೋಡಲು ಚೆಂದವಿಲ್ಲ ನಿಜ. ದೊಡ್ಡ ಕಂಪನಿಯಲ್ಲಿರುವ ನನ್ನ ಗೆಳತಿ ಒಮ್ಮೆ ಅದನ್ನು ನೋಡಿ, “ಏನೇ ಇದು, ಹಳೇ ರೈಲ್ವೆ ಕೌಂಟರ್ ಥರ ಇದೆ” ಎಂದು ನಕ್ಕಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಬೂದು ಬಣ್ಣದ ಚೌಕಗಳ ಮೇಲೆ ನನಗಿರುವ ಪ್ರೀತಿಯನ್ನು ಅವಳಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ಆ ಲೈಬ್ರರಿಯಲ್ಲಿ ಒಂದು ಪದ್ಧತಿಯಿದೆ. ಒಂದಷ್ಟು ಬಟನ್ನುಗಳನ್ನು ಒಟ್ಟಿಗೆ ಕೂರಿಸಬೇಕಾದರೆ ಮೊದಲು ಒಂದು ಗುಂಪು ತೆರೆಯಬೇಕು, ಎಲ್ಲವನ್ನೂ ಒಳಗಿಟ್ಟ ಮೇಲೆ ‘ಮುಗಿಯಿತು’ ಎಂದು ಒಂದು ಸಾಲು ಬರೆದು ಮುಚ್ಚಬೇಕು. ಆ ಸಾಲು ಮರೆತರೆ ಆಮೇಲೆ ಬರುವ ಪ್ರತಿಯೊಂದೂ ಸೀದಾ ಅದೇ ಗುಂಪಿನೊಳಗೆ ಹೋಗಿ ಕೂರುತ್ತದೆ. ಕೆಲಸ ಕಲಿಯುವಾಗ ನಾನು ಈ ತಪ್ಪನ್ನು ಮಾಡಿದ್ದೇ ಮಾಡಿದ್ದು. ಎಲ್ಲೋ ಇರಬೇಕಾದ ಬಟನ್ನು ಇನ್ನೆಲ್ಲೋ ಸಿಗುತ್ತಿತ್ತು. ಹಾಗೆ ಸಿಕ್ಕಾಗಲೆಲ್ಲ ನನಗೆ ನಮ್ಮ ಓನರ್ ಆಂಟಿಯ ನೆನಪಾಗುತ್ತಿತ್ತು.

ನಾನು ಬಾಗಲಕೋಟೆ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಮೊದಲನೆಯ ಮಹಡಿಯ ಒಂದು ರೂಮು, ಒಂದು ಅಡುಗೆಮನೆಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಆಂಟಿ, ಅಂಕಲ್. ಲೇಔಟು ಬರುವ ಮುಂಚೆ ಇದೇ ನೆಲದಲ್ಲಿ ಅವರು ಸೇವಂತಿಗೆ, ಕನಕಾಂಬರ ಬೆಳೆಯುತ್ತಿದ್ದರಂತೆ. ಈಗ ಅಲ್ಲಿ ಮೂರು ಮಹಡಿಗಳ ತುಂಬ ನಮ್ಮಂಥ ಬಾಡಿಗೆಯವರು. ಆಂಟಿಯ ಗುಂಪಿಗೆ ಮುಚ್ಚುವ ಸಾಲೇ ಇಲ್ಲ. ಬಾಡಿಗೆಗೆ ಬಂದವರು, ಅವರನ್ನು ನೋಡಲು ಬಂದವರು, ತಪ್ಪು ವಿಳಾಸಕ್ಕೆ ಪಾರ್ಸೆಲ್ ತಂದವನು, ಎಲ್ಲರೂ ಅವರ ಲೆಕ್ಕದಲ್ಲಿ ಮನೆಯವರೇ. ಅವರೇಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ಮೂರು ಮಹಡಿಗೂ ಡಬ್ಬಿ ಹತ್ತುತ್ತದೆ.

ಅವರದೊಂದು ರೂಢಿಯಿತ್ತು. ಸಂಜೆ ಗೇಟು ಸದ್ದಾದರೆ ಸಾಕು, ಮನೆಯ ಮುಂದಿನ ಹಾಲಿನ ಕಿಟಕಿಯಿಂದ “ಬಂದ್ಯಾ?” ಎಂಬ ಕೂಗು. ಯಾರೆಂದು ನೋಡುತ್ತಲೇ ಇರಲಿಲ್ಲ. ಚಿಲಕ ಎಳೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಎಳೆದರೆ “ಬಂದ್ಯಾ?”, ಎರಡನೆಯ ಮಹಡಿಯ ಬ್ಯಾಂಕಿನವರು ಎಳೆದರೆ “ಬಂದ್ರಾ?”. “ಬಂದೆನ್ರಿ ಆಂಟಿ” ಎಂದು ನಾನು ಉತ್ತರಿಸಿದರೆ, “ರೀ ಅಂತೆ ರೀ! ನಾನೇನ್ ನಿನ್ ಗಂಡನಾ?” ಎಂದು ನಗುತ್ತಿದ್ದರು. ಎಲ್ಲರೂ ಒಳಗೆ ಬಂದ ಮೇಲೆ ತಾವೇ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗುವರು. ಊರು ಬಿಟ್ಟು ಬಂದ ಹೊಸದರಲ್ಲಿ ಈ ದೊಡ್ಡ ನಗರದಲ್ಲಿ ನಾನು ಮನೆಗೆ ಬಂದೆನೋ ಇಲ್ಲವೋ ಎಂದು ಗಮನಿಸುವವರು ಒಬ್ಬರಿದ್ದಾರೆ ಎಂಬುದೇ ನನಗೆ ದೊಡ್ಡ ಆಸರೆಯಾಗಿತ್ತು.

ಆ ಕೂಗು ಯಾವಾಗ ತಪ್ಪತೊಡಗಿತೋ ನಾನು ಗಮನಿಸಲಿಲ್ಲ. ಮೊದಮೊದಲು, ಅಡುಗೆಮನೆಯಲ್ಲಿರಬೇಕು ಅಂದುಕೊಂಡೆ. ಆಮೇಲೆ ಟಿವಿಯ ಸದ್ದು ಮಹಡಿ ಹತ್ತಿ ನನ್ನ ರೂಮಿಗೆ ಬರತೊಡಗಿತು. ಒಂದು ದಿನ ಎಲ್ಲರೂ ಬಂದಾಯಿತೆಂದುಕೊಂಡು ಆಂಟಿ ಗೇಟಿಗೆ ಬೀಗ ಹಾಕಿಬಿಟ್ಟರು. ಬ್ಯಾಂಕಿನವರು ಹೊರಗೇ ಉಳಿದು, ಗೇಟು ಬಡಿದು ಬಡಿದು, ಕೊನೆಗೆ ಅಂಕಲ್‌ಗೆ ಫೋನು ಮಾಡಿ ಒಳಗೆ ಬರಬೇಕಾಯಿತು. ಕಿಟಕಿಯ ಪಕ್ಕದಲ್ಲೇ ಕೂತಿದ್ದ ಆಂಟಿಗೆ ಒಂದೂ ಕೇಳಿಸಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಜಟಾಪಟಿ ಶುರುವಾಯಿತು. ಇಡೀ ಕಟ್ಟಡವನ್ನು ಪಿಜಿ ನಡೆಸುವವರಿಗೆ ವಹಿಸಿ ಗೊಟ್ಟಿಗೆರೆಯಲ್ಲಿರುವ ತಮ್ಮ ಇನ್ನೊಂದು ಸಣ್ಣ ಮನೆಗೆ ಹೋಗಿಬಿಡೋಣ ಎನ್ನುವುದು ಅಂಕಲ್ ವಾದ. ಪಿಜಿಯವನು ಒಮ್ಮೆ ಬಂದು, ಒಂದು ರೂಮಿನಲ್ಲಿ ಎಷ್ಟು ಮಂಚ ಹಿಡಿಯುತ್ತದೆ ಎಂದು ಟೇಪು ಹಿಡಿದು ಅಳೆದುಕೊಂಡೂ ಹೋದ. ಆ ಹೊತ್ತು ಆಂಟಿ ಹಾಲಿನ ಬಾಗಿಲಲ್ಲಿ ಕೈಕಟ್ಟಿ ನಿಂತೇ ಇದ್ದರು. ಆಮೇಲೆ ನನ್ನೆದುರೇ ಗಂಡನಿಗೆ ಹೇಳಿದರು, “ನೀವು ಬೇಕಾದ್ರೆ ಹೋಗಿ. ನಾನಿಲ್ಲಿ ಹೂವು ಬಿಡಿಸಿದೋಳು, ಇಲ್ಲೇ ಇರ್ತೀನಿ. ನನ್ ಕಿವಿಗೆ ಏನೂ ಆಗಿಲ್ಲ.”

“ಏನೂ ಆಗಿಲ್ವಾ? ಸರಿ,” ಎಂದು ಅಂಕಲ್ ನನ್ನ ಕಡೆ ತಿರುಗಿದರು. “ನಿಮ್ ಆಫೀಸಲ್ಲಿ ಕಿವಿ ಮಿಷನ್ ಐತಲ್ಲಮ್ಮ, ತಗೊಂಬಾ. ಚೆನ್ನಾಗೈತೆ ಅಂತ ಅದು ಹೇಳಿದ್ರೆ ಪಿಜಿ ಸುದ್ದಿನೇ ಎತ್ತಲ್ಲ. ಇಲ್ಲ ಅಂದ್ರೆ ಸಾಮಾನು ಕಟ್ಟೋದೇ.”

ಆಂಟಿ ನನ್ನ ಮುಖ ನೋಡಿದರು. ಬೇಡ ಎನ್ನುತ್ತಾರೇನೋ ಎಂದು ಕಾದೆ. “ತಗೊಂಬಾರೇ, ನೋಡೇಬಿಡೋಣ” ಅಂದರು.

ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಹಾಲಿನಲ್ಲಿ ಪರೀಕ್ಷೆ. ರಸ್ತೆಯ ಗಲಾಟೆ ಬರದಿರಲೆಂದು ಕಿಟಕಿ ಮುಚ್ಚಿ ಪರದೆ ಎಳೆದೆವು. ಹಾಲು ಅರೆಗತ್ತಲಾಯಿತು. ನನ್ನ ಲ್ಯಾಪ್‌ಟಾಪು ಕಾಣದಿರಲೆಂದು ಆಂಟಿಯನ್ನು ನನಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿ, ನಾನು ಹಿಂದೆ ಪಕ್ಕಕ್ಕೆ ತಿರುಗಿ ಕೂತೆ. ಅವರೆದುರಿಗೆ ಗಾಜಿನ ಬಾಗಿಲಿನ ಶೋಕೇಸು; ಅದರೊಳಗೆ ಪಟ್ಟದ ಗೊಂಬೆಗಳು, ಬೆಳ್ಳಿ ಬಣ್ಣದ ಒಂದು ತಾಜಮಹಲು. ಅಂಕಲ್ ದೀವಾನದ ಮೇಲೆ ಪೇಪರು ಹಿಡಿದು ಕೂತರು. ಓದುತ್ತಿರಲಿಲ್ಲ.

ನನ್ನ ಪರದೆಯ ನಡುವೆ ಒಂದು ದೊಡ್ಡ ಬೂದು ಬಟನ್ನು. ಕಿವಿಗೆ ಸದ್ದು ಹೋಗುವ ಹೊತ್ತಿಗೆ ಅದು ಹಳದಿಯಾಗುತ್ತದೆ, ನಿಂತಾಗ ಮತ್ತೆ ಬೂದು. ಎಷ್ಟೇ ಹಳೆಯ ಕಂಪ್ಯೂಟರಿನಲ್ಲೂ ಅದು ತಟಕ್ಕನೆ ಬಣ್ಣ ಬದಲಿಸಬೇಕೆಂದು ನಾನು ತುಂಬ ಗುದ್ದಾಡಿದ್ದೆ. ಆ ಹಳದಿ ನನ್ನ ಹೆಮ್ಮೆ.

ಮೊದಲ ಹಳದಿ ಬಂದು ಹೋಯಿತು. ಆಂಟಿ ಒತ್ತಲಿಲ್ಲ. ಇನ್ನೊಂದು ಬಂದು ಹೋಯಿತು. ಒತ್ತಲಿಲ್ಲ. ಅಂಕಲ್ ಪೇಪರು ಮಡಿಸಿದರು. ಆಮೇಲಿನದಕ್ಕೆ ಸ್ವಿಚ್ಚು ಟಕ್ಕೆಂದಿತು. ಅದರ ಮುಂದಿನದಕ್ಕೂ. ಸದ್ದು ಸಣ್ಣದಾಗುತ್ತ ಹೋದರೂ ಆಂಟಿಯ ಹೆಬ್ಬೆರಳು ತಪ್ಪಲೇ ಇಲ್ಲ. ಕೊನೆಗೆ ಪರದೆಯ ಮೇಲೆ ಮೂಡಿದ, ಕಿವಿಯ ಶಕ್ತಿ ತೋರಿಸುವ ಗೆರೆ ನನ್ನ ಕಿವಿಯ ಗೆರೆಗಿಂತ ಚೆನ್ನಾಗಿತ್ತು. ನಾನು ಚಪ್ಪಾಳೆ ತಟ್ಟಿದೆ. “ಮೊದ್ಲ ಎರಡು ತಪ್ಪಿದ್ವು, ಹೊಸತಲ್ರೀ, ನಡೀತದ. ಉಳಿದದ್ದೆಲ್ಲಾ ಬರೋಬ್ಬರಿ ಅದರೀ ಅಂಕಲ್!”

ಅಂಕಲ್ ಆಂಟಿಯನ್ನೂ ಶೋಕೇಸನ್ನೂ ಒಂದು ಕ್ಷಣ ನೋಡಿದರು. “ಸರಿ ಬಿಡು,” ಎಂದರು. ಚಪ್ಪಲಿ ಮೆಟ್ಟಿಕೊಂಡು ಸ್ಕೂಟರು ಹತ್ತಿ ಹೊರಟುಹೋದರು. ಆಂಟಿ ಹೆಡ್‌ಫೋನು ತೆಗೆದುಕೊಟ್ಟು ತಲೆ ತಗ್ಗಿಸಿಕೊಂಡು ಹಿಂದುಗಡೆಗೆ ನಡೆದರು. ಗೆದ್ದವರು ಯಾಕೆ ಹೀಗೆ ಹೋಗುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ.

ಮೇಲೆ ನನ್ನ ರೂಮಿಗೆ ಬಂದೆ. ಅಷ್ಟು ಚಂದದ ಗೆರೆ ನನ್ನನ್ನು ಕೊರೆಯತೊಡಗಿತು. ಟಿವಿಯನ್ನು ಅಷ್ಟು ಜೋರು ಇಡುವವರಿಗೆ ಅಷ್ಟು ಸಣ್ಣ ಸದ್ದು ಕೇಳಿಸುವುದೆಂದರೇನು? ಹೆಡ್‌ಫೋನನ್ನು ನಾನೇ ಹಾಕಿಕೊಂಡು ಪ್ರೋಗ್ರಾಮು ಶುರುಮಾಡಿದೆ. ಬಟನ್ನು ಹಳದಿಯಾಯಿತು. ಕಿವಿಯಲ್ಲಿ ಏನೂ ಇಲ್ಲ. ಮತ್ತೆ ಹಳದಿ. ಮತ್ತೆ ನಿಶ್ಶಬ್ದ. ಆಗ ಹೊಳೆಯಿತು. ಆಫೀಸಿನಲ್ಲಿ ಬಂದ್ ಮಾಡಿಟ್ಟಿದ್ದ ಸದ್ದನ್ನು ನಾನು ಮತ್ತೆ ತೆರೆದೇ ಇರಲಿಲ್ಲ! ಪರದೆ ಮಾಡುವವರ ಬುದ್ಧಿಯೇ ಇಷ್ಟು: ಬಣ್ಣ ಬದಲಾಯಿತಲ್ಲ, ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಇಡೀ ಪರೀಕ್ಷೆಯಲ್ಲಿ ಆಂಟಿಯ ಕಿವಿಗೆ ಒಂದೇ ಒಂದು ಕುಂಯ್ ಹೋಗಿರಲಿಲ್ಲ. ಆದರೂ ಅವರು ನನಗಿಂತ ಚೆನ್ನಾಗಿ ಪಾಸಾಗಿದ್ದರು.

ಕೆಳಗಿಳಿದೆ. ಆಂಟಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ನಾನು ಎದುರಿಗೆ ಕೂತು, ಅವರಿಗೆ ಕಾಣುವಂತೆ ಮುಖ ಮಾಡಿ ಕೇಳಿದೆ, “ಆಂಟಿ, ಹೆಂಗ ಒತ್ತಿದ್ರಿ?”

ಸುಳ್ಳು ಹೇಳುವವರಲ್ಲ ಅವರು. “ಶೋಕೇಸ್ ಗ್ಲಾಸಲ್ಲಿ ನಿನ್ ಕಂಪ್ಯೂಟರ್ ಕಾಣ್ತಿತ್ತು ಕಣೇ. ಹಳದಿ ಬಂದಾಗ ಒತ್ತಿದೆ.”

“ಮನೀ ಸಲುವಾಗೇನ್ರಿ?”

“ಮನೆಗೂ ಹೌದು. ಆದ್ರೆ ಮೊದ್ಲೆರಡು ಸಲ ನಾನು ಸುಮ್ನೆ ಕೂತಿದ್ದೆ, ಆಗಿದ್ದಾಗ್ಲಿ ಅಂತ. ಅದೇ ಗ್ಲಾಸಲ್ಲಿ ನಿನ್ ಮುಖ ಕಾಣ್ತು. ಇಷ್ಟ್ ಚಿಕ್ಕದಾಗೋಗಿತ್ತು. ಪಾಪ, ವರ್ಷಗಟ್ಲೆ ಕೂತು ಮಾಡಿದೀಯ, ನನ್ನಿಂದ ನಿನ್ ಮಿಷನ್‌ಗೆ ಯಾಕೆ ಕೆಟ್ಟ ಹೆಸರು ಅಂತ ಒತ್ತಿದೆ.”

ಕಿವಿ ಯಾರದು, ಪರೀಕ್ಷೆ ಯಾರದು! ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದರು. ದನಿ ಇಳಿದುಹೋಗಿತ್ತು. “ಅಂಕಲ್‌ಗೆ ಹೇಳ್ಬೇಡ ಕಣೇ. ಸ್ವಲ್ಪ ಕಮ್ಮಿ ಆಗಿರ್ಬೋದು ಅಂದ್ಕೊಂಡಿದ್ದೆ. ಒಂದೂ ಕೇಳ್ಸಿಲ್ಲ. ಒಂದೇ ಒಂದೂ. ಪೂರ್ತಿ ಹೋಗ್ಬಿಟ್ಟೈತೆ ನಂದು. ಇನ್ನೇನ್ ಉಳೀತು ಹೇಳು, ನಾಳೆ ನೀನು ಮಾತಾಡೋದೂ ಕೇಳ್ಸಲ್ಲ.”

ಅವರು ಅಳುತ್ತಿದ್ದುದು ಇದಕ್ಕೆ! ನಾನು ಅವರ ಎರಡೂ ಕೈಗಳನ್ನು ಹಿಡಿದುಕೊಂಡೆ. ಅಂಗೈಯ ಅವರೇಕಾಳು ನೆಲಕ್ಕೆ ಚೆಲ್ಲಿತು. “ಆಂಟಿ, ಸಪ್ಪಳನ ಇರಲಿಲ್ರೀ! ನಾನ ಬಂದ್ ಮಾಡಿಟ್ಟಿದ್ದೆ, ತಗೀಲಿಕ್ಕೆ ಮರ್ತೆ. ನಿಮಗಷ್ಟ ಅಲ್ಲ, ಯಾರಿಗೂ ಕೇಳಸ್ತಿರಲಿಲ್ಲ!”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಏನೂ ಇರ್ಲಿಲ್ವಾ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. “ಅಯ್ಯೋ ನಿನ್ ಮನೆ ಕಾಯ್ವಾಗ!” ಎಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. ಆಮೇಲೆ ಇಬ್ಬರಿಗೂ ನಗು ಹತ್ತಿಕೊಂಡಿತು. ಸದ್ದೇ ಇಲ್ಲದ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಬಂದವರು ಕರ್ನಾಟಕದಲ್ಲಿ ಇವರೊಬ್ಬರೇ ಇರಬೇಕು ಎಂದು ನಾನು, ಸದ್ದಿಲ್ಲದ ಮಿಷನ್ನು ಮಾಡಿದವಳು ನೀನೊಬ್ಬಳೇ ಎಂದು ಅವರು. ಕಣ್ಣೀರು ಬರುವಷ್ಟು ನಕ್ಕೆವು. ಅವರ ಕಣ್ಣಲ್ಲಿ ಅದು ಆಗಲೇ ಇತ್ತು.

ನಗು ನಿಂತ ಮೇಲೆ ಆಂಟಿ ಎದ್ದು ಸೆರಗು ಕೊಡವಿಕೊಂಡರು. “ಹಂಗಾದ್ರೆ ಸದ್ದು ಹಾಕು. ಈಗ ಮಾಡು.”

ನನ್ನ ರೂಮಿನಲ್ಲಿ, ಬರಿ ಗೋಡೆಗೆ ಮುಖ ಮಾಡಿ ಕೂತರು. ಈ ಸಲ ಮೊದಲು ನಾನೇ ಹಾಕಿಕೊಂಡು ಕುಂಯ್ ಕೇಳಿಸಿಕೊಂಡೆ. ಮೊದಲ ಸದ್ದಿಗೇ ಆಂಟಿ ಸ್ವಿಚ್ಚು ಒತ್ತಿ, “ಕೇಳ್ತು! ಕೇಳ್ತು ಕಣೇ!” ಎಂದು ಕೂಗಿದರು. ದಪ್ಪ ದನಿಯವೆಲ್ಲ ಸಾಕಷ್ಟು ಕೇಳಿಸಿದವು. ಕೀರಲು ದನಿಯವು ಬಂದಾಗ ಮಾತ್ರ ಬಟನ್ನು ಮತ್ತೆ ಮತ್ತೆ ಹಳದಿಯಾಗಿ ಸುಮ್ಮನೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಗೇಟಿನ ಕಬ್ಬಿಣದ ಚಿಲಕ ಕಿರ್ರೆನ್ನುವುದೂ ಸರಿಯಾಗಿ ಆ ಕೀರಲು ದನಿಯಲ್ಲೇ. ನಾನು ಡಾಕ್ಟರಲ್ಲ, ಆದರೂ ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ: ಸ್ವಲ್ಪ ಹೋಗಿದೆ, ಬಹಳಷ್ಟು ಇದೆ, ಕಿವಿ ಡಾಕ್ಟರಿಗೆ ತೋರಿಸಿದರೆ ಕಿವಿಗೆ ಹಾಕಿಕೊಳ್ಳುವ ಮಿಷನ್ನು ಕೊಡುತ್ತಾರೆ. ಆಂಟಿ ಸ್ವಿಚ್ಚನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. “ಅವ್ರಿಗೆ ನಾನೇ ಹೇಳ್ತೀನಿ,” ಅಂದರು. “ಪಿಜಿಗೆ ಕೊಟ್ರೆ ಕೊಡ್ಲಿ. ಸುಳ್ಳು ಹೇಳ್ಕೊಂಡು ಈ ಮನೇಲಿ ಇರೋಕಾಗಲ್ಲ.”

ಕೆಳಗೆ ಬಂದಾಗ ಅಂಕಲ್ ವಾಪಸಾಗಿದ್ದರು. ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಹಾಲಿನ ಗೋಡೆಗೆ ವೈರು ಹೊಡೆಯುತ್ತಿದ್ದರು. ವೈರಿನ ಒಂದು ತುದಿ ಕಿಟಕಿಯಿಂದ ಆಚೆ ಗೇಟಿನ ತನಕ ಹೋಗಿತ್ತು, ಇನ್ನೊಂದು ತುದಿ ಶೋಕೇಸಿನೊಳಗೆ, ತಾಜಮಹಲಿನ ಪಕ್ಕದಲ್ಲಿ ಒಂದು ಪುಟ್ಟ ಹಳದಿ ಬಲ್ಬಿಗೆ. ಹೂವಿನ ತೋಟದ ಕಾಲದಲ್ಲಿ ಪಂಪ್‌ಸೆಟ್ಟಿನ ವೈರಿಂಗೆಲ್ಲ ಅವರದೇ ಕೈಕೆಲಸವಂತೆ.

“ರೀ, ಒಂದ್ ವಿಷ್ಯ ಹೇಳ್ಬೇಕು,” ಎಂದು ಆಂಟಿ ಶುರುಮಾಡಿದರು.

ಅಂಕಲ್ ಬಾಯಿಂದ ಮೊಳೆ ತೆಗೆದರು. ಹೆಂಡತಿಯ ಕಡೆ ಪೂರ್ತಿ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು, “ಗೊತ್ತು ಬಿಡೇ. ನಿನ್ ಕಣ್ಣು ಶೋಕೇಸ್ ಬಿಟ್ಟು ಅಲ್ಲಾಡ್ಲಿಲ್ಲ. ದೀಪ ಕಂಡ್ರೆ ಅಷ್ಟು ಕರೆಕ್ಟಾಗಿ ಒತ್ತೋಳಿಗೆ, ಗೇಟಿಗೂ ಒಂದು ದೀಪ ಇದ್ರೆ ಆಯ್ತಲ್ಲ ಅನ್ನಿಸ್ತು. ಪಿಜಿಯವನಿಗೆ ಬರ್ಬೇಡ ಅಂತ ಫೋನ್ ಮಾಡ್ದೆ.”

ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ನಾನು ಸ್ಟೂಲು ಹಿಡಿದುಕೊಂಡೆ. ಅಂಕಲ್ ಮತ್ತೆ ಮೊಳೆ ಹೊಡೆಯುತ್ತ, ಗೋಡೆಗೆ ಹೇಳುವಂತೆ ಹೇಳಿದರು, “ನಂಗೇನ್ ಪಿಜಿ ಬೇಕಿತ್ತಾ? ಗೊಟ್ಟಿಗೆರೆ ಮನೆ ಹತ್ರ ಗಲಾಟೆ ಇಲ್ಲಮ್ಮ. ಅಲ್ಲಿಗೋದ್ರೆ ನಾನ್ ಮಾತಾಡೋದು ಅವಳಿಗೆ ಕೇಳುತ್ತೇನೋ ಅಂತ. ನಾನೊಂದ್ ಹೇಳಿದ್ರೆ ಅವಳು ನಕ್ಕು ತಲೆ ಆಡಿಸ್ತಾಳೆ, ಕೇಳ್ಸಿಲ್ಲ ಅಂತ ನಂಗೊತ್ತಾಗುತ್ತೆ. ಬೇಜಾರಾಗುತ್ತೆ.” ಇಷ್ಟು ದಿನ ಅವರನ್ನು ಮನೆ ಖಾಲಿ ಮಾಡಿಸಲು ಹೊರಟವರೆಂದೇ ನೋಡಿದ್ದೆ.

ಬಲ್ಬು ಮೊದಲ ವಾರ ಫಜೀತಿ ಮಾಡಿತು. ಗಾಳಿಗೆ ಗೇಟು ಅಲುಗಿದರೂ ಹತ್ತುತ್ತಿತ್ತು. ಪಕ್ಕದ ಮನೆಯ ಬೆಕ್ಕು ಹಾರಿದರೂ ಹತ್ತುತ್ತಿತ್ತು. ಆಂಟಿ ಬೆಕ್ಕಿಗೂ “ಬಂದ್ಯಾ?” ಎಂದು ಕೂಗುವುದು ಮೂರು ಮಹಡಿಗೂ ಕೇಳಿಸುತ್ತಿತ್ತು. ಪರದೆಯ ಮೇಲೆ ಬೆರಳು ಸುಮ್ಮನೆ ತಾಕಿದ್ದಕ್ಕೂ ಒತ್ತಿದ್ದಕ್ಕೂ ವ್ಯತ್ಯಾಸ ಗುರುತಿಸುವುದು ನನ್ನ ಕೆಲಸದಲ್ಲೂ ದೊಡ್ಡ ತಲೆನೋವು. ಅಂಕಲ್ ಜೊತೆ ಕೂತು ಅದನ್ನು ಸರಿಮಾಡಿದ ಒಂದು ಸಂಜೆಯನ್ನು ನಾನು ಆಫೀಸಿನ ಎಷ್ಟೋ ಸಂಜೆಗಳಿಗಿಂತ ಹೆಚ್ಚು ಇಷ್ಟಪಡುತ್ತೇನೆ. ಅಂದಿನಿಂದ ನಾನು ಚಿಲಕ ಎಳೆದರೆ ಶೋಕೇಸು ಹಳದಿಯಾಗುತ್ತದೆ, ಕೂಗು ಬರುತ್ತದೆ. ಆಫೀಸಿನ ಪ್ರೋಗ್ರಾಮಿನಲ್ಲೂ ಒಂದು ಬದಲಾವಣೆ ಮಾಡಿದೆ: ಸದ್ದು ಬಂದ್ ಆಗಿದ್ದರೆ ಆ ಬಟನ್ನು ಹಳದಿಯಾಗುವುದೇ ಇಲ್ಲ.

ಜಯನಗರದ ಕಿವಿ ಡಾಕ್ಟರು ಮಿಷನ್ನು ಕೊಟ್ಟ ದಿನ ನಾನೂ ಜೊತೆಗಿದ್ದೆ. ಹೊರಗೆ ಬಂದು ಆಟೋ ಹತ್ತಿದೆವು. ಅಂಕಲ್ ಅಭ್ಯಾಸದಂತೆ ಹೊರಗೆ ನೋಡುತ್ತ, ಟ್ರಾಫಿಕ್ಕಿಗೆ, ಮೆಟ್ರೋ ಕಂಬಕ್ಕೆ, ತರಕಾರಿ ರೇಟಿಗೆ ಏನೇನೋ ಅನ್ನುತ್ತಲೇ ಇದ್ದರು. ಆಂಟಿ ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, ಅವರ ಮೊಣಕೈ ಹಿಡಿದೆಳೆದರು.

“ರೀ, ನೀವು ದಿನಾ ಇಷ್ಟೊಂದು ಮಾತಾಡ್ತಿದ್ರಾ?”

“ಮತ್ತೆ? ಯಾರಿಗೆ ಹೇಳ್ತಿದ್ದೆ ಅಂದ್ಕೊಂಡಿದ್ದೆ?”

ಮುಂದಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗಲೂ ಆಂಟಿ ಹಿಡಿದ ಮೊಣಕೈ ಬಿಟ್ಟಿರಲಿಲ್ಲ.

ಮೊನ್ನೆ ಆಫೀಸಿನಿಂದ ಬಂದು ಗೇಟು ತೆಗೆದೆ. ಶೋಕೇಸಿನ ಬಲ್ಬು ಹತ್ತಿಕೊಂಡಿತು. ಕೂಗಿಗೆ ಕಾದೆ. ಬರಲಿಲ್ಲ. ನನಗೆ ಗಾಬರಿಯಾಗಿ ಕಿಟಕಿಯಲ್ಲಿ ಇಣುಕಿದೆ. ಅಂಕಲ್ ದೀವಾನದ ಮೇಲೆ ಕೂತು, ಕನಕಾಂಬರದ ಕಾಲದ ಯಾವುದೋ ಜಗಳದ ಕಥೆಯನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದರು. ಆಂಟಿ ಗಲ್ಲಕ್ಕೆ ಕೈಕೊಟ್ಟು ಅವರನ್ನೇ ನೋಡುತ್ತ ಕೂತಿದ್ದರು. ಬೀಗದ ಕೈ ಸೊಂಟದಲ್ಲೇ ಇತ್ತು.

“ಬಂದೆನ್ರಿ ಆಂಟಿ,” ಎಂದು ಈ ಸಲ ನಾನೇ ಕೂಗಿದೆ.

ಆಂಟಿ ತಿರುಗಲಿಲ್ಲ. ಕೇಳಿಸಿತು, ಸ್ವಲ್ಪ ಇರು ಎಂಬಂತೆ ನನ್ನ ಕಡೆಗೆ ಒಂದು ಕೈ ಎತ್ತಿದರು. ಅಂಕಲ್ ಮಾತು ಇನ್ನೂ ಮುಗಿದಿರಲಿಲ್ಲ.